ಮೊದಲ ಜೋಡಿ ಬೂಟಿಗೆ ಈ ಕಿಟ್ ಸಾಕೇ? ಲಾಸ್ಟ್‌ಗೆ ಪೂರ್ತಿ ಅಂಕ, ನೂಲಿಗೆ ಸೊನ್ನೆ

ಚರ್ಮದ ಬೂಟು ಹೊಲಿಯಲು ಕಲಿಯಬೇಕು ಅನ್ನುವವರಿಗೆ ಮನೆಬಾಗಿಲಿಗೇ ಬರುವ ಕಿಟ್‌ಗಳು ಈಗ ಹಲವು ಸಿಗುತ್ತವೆ. ಇಲ್ಲಿ ನೋಡುತ್ತಿರುವುದು ಚಕ್ಕಾ ಬೂಟಿನ ಕಿಟ್. ಕಣಕಾಲು ಮುಚ್ಚುವಷ್ಟು ಎತ್ತರ, ಒಂದೊಂದು ಪಕ್ಕಕ್ಕೆ ಎರಡೇ ಲೇಸಿನ ತೂತು, ಸ್ಟಿಚ್‌ಡೌನ್ ಕಟ್ಟಣೆ, ಅಳತೆ ಯುಕೆ 8. ಡಬ್ಬಿಯಲ್ಲಿ ಒಂದು ಜೊತೆ ಪ್ಲಾಸ್ಟಿಕ್ ಲಾಸ್ಟ್ (ಬೂಟು ಕಟ್ಟಲು ಬೇಕಾದ ಪಾದದ ಅಚ್ಚು), ಮೊದಲೇ ಕತ್ತರಿಸಿದ ಅಪ್ಪರ್ (ಬೂಟಿನ ಮೇಲುಭಾಗ) ಮತ್ತು ಲೈನಿಂಗ್ ತುಂಡುಗಳು, ಒಳ ಅಟ್ಟೆ, 3.5 ಮಿ.ಮೀ. ದಪ್ಪದ ನಡು ಅಟ್ಟೆ, 4 ಮಿ.ಮೀ. ರಬ್ಬರಿನ ಹೊರ ಅಟ್ಟೆ, ಹಿಮ್ಮಡಿಗೆ ರಬ್ಬರ್ ತುಂಡು, ಮೇಣ ಹಚ್ಚಿದ ನೂಲು, ನಾಲ್ಕು ಸೂಜಿ, ತೂತು ಕೊರೆಯುವ ಒಂದು ಉಳಿ, ಹೊಲಿಗೆಯ ತೂತು ಹೊಡೆಯುವ 4 ಮಿ.ಮೀ. ಅಂತರದ ಹಲ್ಲಿನ ಪಂಚು, ಚರ್ಮ ಎಳೆಯುವ ಲಾಸ್ಟಿಂಗ್ ಇಕ್ಕಳ, ಸಣ್ಣ ಮೊಳೆಗಳು, ಬ್ಲೇಡ್ ಮುರಿದು ಹಾಕುವ ಚಾಕು, ಒಂದು ಪುಸ್ತಿಕೆ ಇವೆ.

ಮೊದಲ ಜೋಡಿಗೆ ಚಕ್ಕಾ ಆರಿಸಿಕೊಂಡದ್ದು ಸರಿಯಾದ ತೀರ್ಮಾನ. ಮುಂಭಾಗಕ್ಕೆ ಒಂದು ತುಂಡು, ಪಕ್ಕಕ್ಕೆ ಎರಡು, ಒಂದು ನಾಲಿಗೆ, ಇಷ್ಟರಲ್ಲಿ ಅಪ್ಪರ್ ಮುಗಿಯಿತು. ಸ್ಟಿಚ್‌ಡೌನ್‌ನಲ್ಲಿ ಅಪ್ಪರಿನ ಕೆಳ ಅಂಚನ್ನು ಹೊರಕ್ಕೆ ಮಡಚಿ ನಡು ಅಟ್ಟೆಯ ಮೇಲೆ ಹೊಲಿಯುತ್ತಾರೆ, ಲೈನಿಂಗನ್ನು ಮಾತ್ರ ಒಳಕ್ಕೆ ಎಳೆದು ಒಳ ಅಟ್ಟೆಗೆ ಅಂಟಿಸುತ್ತಾರೆ. ಹೊಲಿಗೆ ಪೂರ್ತಿ ಕಣ್ಣೆದುರೇ ಇರುವುದರಿಂದ ತಪ್ಪಿದ್ದು ಕೂಡಲೇ ಗೊತ್ತಾಗುತ್ತದೆ. ಕೈರೋದ ಬಜಾರಿನಲ್ಲಿ ಹೊಲಿಸಿಕೊಂಡ ಇಂಥ ಬೂಟುಗಳನ್ನು ಬ್ರಿಟಿಷ್ ಸೇನೆಯ ಅಧಿಕಾರಿಗಳು ಹಾಕಿದ್ದನ್ನು ಎರಡನೇ ಮಹಾಯುದ್ಧದ ಹೊತ್ತಿಗೆ ಬರ್ಮಾದಲ್ಲಿ ಕಂಡ, ಕ್ಲಾರ್ಕ್ಸ್ ಬೂಟು ಕಂಪನಿಯ ಮನೆತನದ ನೇಥನ್ ಕ್ಲಾರ್ಕ್ ಆಮೇಲೆ ಅದನ್ನೇ ಡೆಸರ್ಟ್ ಬೂಟ್ ಆಗಿ ಜಗತ್ತಿಗೆ ಮಾರಿದ. ದೊಡ್ಡ ಯಂತ್ರಗಳಿಲ್ಲದ ಬಜಾರಿನ ಅಂಗಡಿಯಲ್ಲೂ ಆಗುವ ಕಟ್ಟಣೆ ಇದು. ಮನೆಯ ಮೇಜಿಗೂ ಒಗ್ಗುತ್ತದೆ.

ಡಬ್ಬಿ ಬಂದ ಕೂಡಲೇ ಎಲ್ಲರ ಕೈ ಹೋಗುವುದು ಚರ್ಮದ ಮೇಲೆ. ಮೊದಲು ಲಾಸ್ಟ್ ತೆಗೆದು ನೋಡಿ. ಬೂಟಿನ ಆಕಾರ, ಅಳತೆ, ಹಿಮ್ಮಡಿಯ ಎತ್ತರ ಎಲ್ಲವನ್ನೂ ನಿರ್ಧರಿಸುವುದು ಪಾದದ ರೂಪದ ಈ ಅಚ್ಚೇ. ಈ ಕಿಟ್‌ನ ಲಾಸ್ಟ್ ನಿಜಕ್ಕೂ ಒಳ್ಳೆಯದು. ಗಟ್ಟಿ ಪ್ಲಾಸ್ಟಿಕ್, ಮೊಳೆ ಸಲೀಸಾಗಿ ಇಳಿಯುತ್ತದೆ, ಕಿತ್ತರೂ ಮತ್ತೆ ಹಿಡಿಯುತ್ತದೆ. ಮುಖ್ಯವಾಗಿ ನಡುವೆ ಕೀಲು ಇದೆ. ಕಣಕಾಲಿನ ತನಕ ಬರುವ ಬೂಟಿನಿಂದ ಕೀಲಿಲ್ಲದ ಅಚ್ಚನ್ನು ಎಳೆದು ತೆಗೆಯುವಾಗ ಹಿಮ್ಮಡಿಯ ಲೈನಿಂಗ್ ಹರಿಯುತ್ತದೆ, ಇಲ್ಲವೇ ಹಿಂಬದಿಯ ಹೊಲಿಗೆ ಬಿಡುತ್ತದೆ. ಅಗ್ಗದ ಕಿಟ್‌ಗಳು ದುಡ್ಡು ಉಳಿಸುವುದು ಇಲ್ಲೇ. ಇದು ಉಳಿಸಿಲ್ಲ.

ಅಳತೆಯ ಲೆಕ್ಕವೂ ಸರಿ ಇದೆ. ಯುಕೆ ಪದ್ಧತಿಯಲ್ಲಿ ಅಳತೆ ಸಂಖ್ಯೆಗೆ 25 ಕೂಡಿಸಿ 3ರಿಂದ ಭಾಗಿಸಿದರೆ ಲಾಸ್ಟ್‌ನ ಉದ್ದ ಇಂಚಿನಲ್ಲಿ ಸಿಗುತ್ತದೆ. 8ಕ್ಕೆ 11 ಇಂಚು, ಅಂದರೆ 279 ಮಿ.ಮೀ. ಟೇಪು ಹಿಡಿದರೆ ಅಷ್ಟೇ ಬರುತ್ತದೆ. ಆದರೆ ಉದ್ದ ಸರಿಹೋದರೆ ಬೂಟು ಸರಿಹೋಯಿತು ಅಂದುಕೊಳ್ಳಬೇಡಿ. ಚಪ್ಪಲಿ ಹಾಕಿಯೇ ಬೆಳೆದ ನಮ್ಮ ಪಾದಗಳು ಬೆರಳ ಬುಡದಲ್ಲಿ ಹರಡಿಕೊಂಡಿರುತ್ತವೆ. ಹೆಬ್ಬೆರಳಿನ ಗಂಟಿನಿಂದ ಕಿರುಬೆರಳಿನ ಗಂಟಿನವರೆಗೆ ಟೇಪು ಸುತ್ತಿ, ನಿಂತುಕೊಂಡು, ತೆಳು ಸಾಕ್ಸಿನ ಮೇಲೆ ಸುತ್ತಳತೆ ತೆಗೆಯಿರಿ. ಎರಡೂ ಪಾದಕ್ಕೆ ಬೇರೆ ಬೇರೆಯಾಗಿ. ಲಾಸ್ಟ್ ಅದಕ್ಕಿಂತ 5 ಮಿ.ಮೀ.ಗಿಂತ ಹೆಚ್ಚು ಸಣ್ಣದಿದ್ದರೆ ಆ ಜಾಗದ ಮೇಲೆ 1.5 ಮಿ.ಮೀ. ಚರ್ಮದ ತುಂಡನ್ನು ಅಂಟಿಸಿ, ಸುತ್ತ ಅಂಚು ಸೊನ್ನೆಗೆ ಕೆತ್ತಿ, ಉಜ್ಜು ಕಾಗದದಲ್ಲಿ ನುಣುಪು ಮಾಡಿ. ಹೊಲಿದಾದ ಮೇಲೆ ಬೂಟನ್ನು ಹಿಗ್ಗಿಸುವ ಹರಸಾಹಸಕ್ಕಿಂತ ಈ ಹತ್ತು ನಿಮಿಷದ ಕೆಲಸ ಸಾವಿರ ಪಾಲು ಮೇಲು. ಪುಸ್ತಿಕೆಯಲ್ಲಿ ಇದರ ಸುದ್ದಿಯೇ ಇಲ್ಲ. ಅಪ್ಪರ್ ಮೊದಲೇ ಕತ್ತರಿಸಿ ಬರುವುದರಿಂದ ಸುತ್ತಳತೆಯನ್ನು 6 ಮಿ.ಮೀ.ಗಿಂತ ಹೆಚ್ಚು ಬೆಳೆಸಿದರೆ ಕೆಳ ಅಂಚು ಸಾಲದೆ ಬರುತ್ತದೆ. ಪಾದ ತೀರಾ ಅಗಲವಿದ್ದವರು ಈ ಅಳತೆಯ ಕಿಟ್ ಕೊಳ್ಳಬಾರದು.

ಎರಡನೇ ಜೋಡಿಗೆಂದು ಮಾದರಿಯ ಫೈಲ್ ಕೊಟ್ಟಿದ್ದಾರೆ, ಮುದ್ರಿಸಿಕೊಳ್ಳಬಹುದು. ಅದರಲ್ಲಿ 100 ಮಿ.ಮೀ.ನ ಗೆರೆಯೊಂದಿದೆ. ಮುದ್ರಿಸಿದ ಕೂಡಲೇ ಸ್ಕೇಲ್ ಇಟ್ಟು ಅದನ್ನು ಅಳೆಯಿರಿ. ಜೆರಾಕ್ಸ್ ಅಂಗಡಿಯ ಪ್ರಿಂಟರ್ ಹಾಳೆಗೆ ಹೊಂದಿಸಲು ತನ್ನಷ್ಟಕ್ಕೆ ನೂರಕ್ಕೆ 3ರಷ್ಟು ಕುಗ್ಗಿಸಿದರೂ 280 ಮಿ.ಮೀ.ನಲ್ಲಿ 8.4 ಮಿ.ಮೀ. ಹೋಯಿತು. ಯುಕೆ ಅಳತೆಯ ಒಂದು ಪೂರ್ತಿ ನಂಬರ್ ಎಂದರೆ 8.46 ಮಿ.ಮೀ. ಗೆರೆ 97 ತೋರಿಸಿದರೆ ನಿಮ್ಮ ಕೈಯಲ್ಲಿರುವುದು 7ನೇ ನಂಬರಿನ ಮಾದರಿ.

ಇನ್ನು ಚರ್ಮ. ಅಪ್ಪರ್ ಕ್ರೋಮ್ ಹದದ (ಕ್ರೋಮಿಯಂ ಉಪ್ಪಿನಲ್ಲಿ ಹದ ಮಾಡಿದ) ದನದ ಚರ್ಮ. ಕತ್ತರಿಸಿದ ಅಂಚಿನಲ್ಲಿ ನೀಲಿ ಬೂದು ಬಣ್ಣ ಕಾಣುತ್ತದೆ. 1.4ರಿಂದ 1.6 ಮಿ.ಮೀ. ದಪ್ಪ, ಚಕ್ಕಾಕ್ಕೆ ಹೇಳಿ ಮಾಡಿಸಿದ್ದು. ಹೊರಮೈ ಒಳಗಾಗುವಂತೆ ಮಡಚಿ ನೋಡಿದರೆ ಕೂದಲೆಳೆಯಷ್ಟು ಸಣ್ಣ ಸುಕ್ಕು ಬೀಳುತ್ತದೆ, ಬಿಟ್ಟರೆ ಮಾಯವಾಗುತ್ತದೆ. ದಪ್ಪ ದಪ್ಪ ಸುಕ್ಕು ಎದ್ದು ನಿಂತರೆ ಅದು ಹೊಟ್ಟೆಯ ಕಡೆಯ ಸಡಿಲ ಚರ್ಮ. ನಡೆಯುವಾಗ ಮುಂಭಾಗದಲ್ಲಿ ಅದೇ ಸುಕ್ಕು ಖಾಯಂ ಆಗುತ್ತದೆ. ಲೈನಿಂಗ್ ತೊಗಟೆ ಹದದ ಮೇಕೆ ಚರ್ಮ, 0.9 ಮಿ.ಮೀ. ಬೆವರು ಹೀರುತ್ತದೆ, ಪಾದಕ್ಕೆ ಹಿತ. ತಮಿಳುನಾಡಿನ ಹದಗಾರರು ಹಿಂದೆ ತಂಗಡಿ ತೊಗಟೆಯಲ್ಲಿ ಮಾಡುತ್ತಿದ್ದ ಮೇಕೆ, ಕುರಿ ಚರ್ಮದ ಜಾತಿಯದೇ ಇದು. ಲೈನಿಂಗ್ ವಿಷಯದಲ್ಲಿ ಕಿಟ್ ಕೈ ಬಿಗಿ ಹಿಡಿದಿಲ್ಲ.

ದೂರು ಇರುವುದು ಕತ್ತರಿಸಿದ ದಿಕ್ಕಿನ ಬಗ್ಗೆ. ಚರ್ಮ ಬೆನ್ನೆಲುಬಿನ ಉದ್ದಕ್ಕೆ ಕಡಿಮೆ ಹಿಗ್ಗುತ್ತದೆ, ಅಡ್ಡಕ್ಕೆ ಹೆಚ್ಚು. ಮುಂಭಾಗದ ತುಂಡು ಮೂತಿಯಿಂದ ಹಿಮ್ಮಡಿಯ ದಿಕ್ಕಿಗೆ ಹಿಗ್ಗದೆ, ಅಡ್ಡಕ್ಕೆ ಹಿಗ್ಗುವಂತಿರಬೇಕು. ಎರಡೂ ಕೈಯಲ್ಲಿ ಹಿಡಿದು ಎಳೆದರೆ ತಿಳಿಯುತ್ತದೆ. ನಮಗೆ ಬಂದ ಡಬ್ಬಿಯಲ್ಲಿ ಎಡಗಾಲಿನ ತುಂಡು ಸರಿ ಇತ್ತು, ಬಲಗಾಲಿನದು ತಿರುವುಮುರುವು. ಹಾಗೇ ಹೊಲಿದರೆ ಆರು ತಿಂಗಳಲ್ಲಿ ಬಲಗಾಲಿನ ಬೂಟು ಉದ್ದವಾಗಿ ಹಿಮ್ಮಡಿ ಜಾರಲು ಶುರುವಾಗುತ್ತದೆ. ಜಾಗ ಉಳಿಸಲು ತುಂಡುಗಳನ್ನು ತಿರುಗಿಸಿ ತಿರುಗಿಸಿ ಕತ್ತರಿಸಿದರೆ ಹೀಗಾಗುತ್ತದೆ. ಕಿಟ್ ಕೈ ಸೇರಿದ ದಿನವೇ ಎಳೆದು ನೋಡಿ, ತಪ್ಪಿದ್ದರೆ ಹೊಲಿಗೆ ಹಾಕುವ ಮುಂಚೆ ಬದಲಿ ಕೇಳಿ. ತೂತು ಬಿದ್ದ ಮೇಲೆ ಯಾರೂ ವಾಪಸು ತಗೊಳ್ಳುವುದಿಲ್ಲ.

ಒಳ ಅಟ್ಟೆಗೆ ಕೊಟ್ಟಿರುವುದು ಚರ್ಮದ ಪುಡಿ ಒತ್ತಿ ಮಾಡಿದ 2 ಮಿ.ಮೀ. ಹಲಗೆ. ಇದನ್ನು ಪಕ್ಕಕ್ಕಿಡಿ. ಬೆವರಿಗೆ ಅಂಚು ಮುದುಡುತ್ತದೆ, ಪಾದದ ಅಚ್ಚು ಇದರಲ್ಲಿ ಮೂಡುವುದಿಲ್ಲ. ತೊಗಟೆ ಹದದ ಭುಜದ ಚರ್ಮ, 3 ಮಿ.ಮೀ. ದಪ್ಪದ್ದು, ಎರಡು ಪಾದಕ್ಕೆ ಒಂದು ಚದರಡಿ ತಂದರೆ ಬೇಕಾದಷ್ಟಾಯಿತು. ಚೆನ್ನೈನ ಪೆರಿಯಮೇಟ್ ಅಂಗಡಿಗಳಲ್ಲಿ ಇಂಥದು ಸಿಗುತ್ತದೆ. ಅಥಣಿ ಕಡೆ ಕೊಲ್ಹಾಪುರಿ ಚಪ್ಪಲಿಗೆಂದು ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ಹದ ಮಾಡುವ ಚರ್ಮ ಇನ್ನೂ ಗಡುಸು; ಒದ್ದೆ ಮಾಡಿ ಲಾಸ್ಟ್‌ಗೆ ಕಟ್ಟಿ ಒಂದು ರಾತ್ರಿ ಬಿಟ್ಟರೆ ಒಳ ಅಟ್ಟೆಗೆ ಚೆನ್ನಾಗಿ ಬಾಗಿ ಕೂರುತ್ತದೆ.

ಹಿಮ್ಮಡಿಯನ್ನು ಗಟ್ಟಿ ನಿಲ್ಲಿಸುವ ಕೌಂಟರ್ ತುಂಡು 1.8 ಮಿ.ಮೀ. ಚರ್ಮ, ದಪ್ಪ ಸರಿ. ಆದರೆ ಅಂಚು ತೆಳುಮಾಡಿಲ್ಲ, ಕತ್ತರಿಸಿದ ಹಾಗೇ ಇದೆ. ಹಾಗೇ ಒಳಗೆ ಕೂರಿಸಿದರೆ ಹಿಮ್ಮಡಿಯ ಮೇಲೆ ಒಂದು ಗೆರೆಯಂಥ ಉಬ್ಬು ಉಳಿಯುತ್ತದೆ. ಅದೇ ಗೆರೆಯ ಜಾಗದಲ್ಲಿ ಪಾದಕ್ಕೆ ಗುಳ್ಳೆ ಏಳುತ್ತದೆ. ಮೇಲಂಚನ್ನೂ ಎರಡು ತುದಿಯನ್ನೂ 15 ಮಿ.ಮೀ. ಅಗಲದಲ್ಲಿ ಸೊನ್ನೆಗೆ ಇಳಿಸಬೇಕು. ಕಿಟ್‌ನ ಚಾಕುವಿನಿಂದ ಇದಾಗದು, ಬ್ಲೇಡ್ ಬಾಗುತ್ತದೆ. ಒಂದು ರಂಪಿಗೆ, ಅಂದರೆ ಚರ್ಮ ಕೆತ್ತುವ ಚಾಕು, ಕೊಳ್ಳಿ. 1000 ನಂಬರಿನ ಕಲ್ಲಿನಲ್ಲಿ ಮಸೆದು, ಚರ್ಮದ ಪಟ್ಟಿಗೆ ಹಸಿರು ಪಾಲಿಶ್ ಹಚ್ಚಿ ಎಳೆದರೆ ಸಾಕು. ಕೆತ್ತುವಾಗ ಚರ್ಮದ ಕೆಳಗೆ, ಅಡುಗೆಮನೆ ಕಟ್ಟೆಗೆ ಹಾಕಿ ಉಳಿದ ಗ್ರಾನೈಟ್ ತುಂಡು ಇಟ್ಟುಕೊಳ್ಳಿ. ಮರದ ಹಲಗೆಯ ಮೇಲೆ ಅಲಗು ಕಚ್ಚಿಕೊಳ್ಳುತ್ತದೆ, ಕಲ್ಲಿನ ಮೇಲೆ ಜಾರುತ್ತದೆ. ಅಭ್ಯಾಸಕ್ಕೆ ಒಂದು ಚೂರು ಚರ್ಮವನ್ನೂ ಡಬ್ಬಿಯಲ್ಲಿ ಇಟ್ಟಿಲ್ಲ. ಮೊದಲ ಸಲ ಅಂಚು ಕೆತ್ತುವವರಿಗೆ ಅಂಗೈಯಗಲದ ಹತ್ತು ಚೂರಾದರೂ ಬೇಕು.

ಅಪ್ಪರ್ ಹೊಲಿಗೆಯ ಬಗ್ಗೆ ಪುಸ್ತಿಕೆ 11 ಪುಟ ಬರೆದಿದೆ, ಚಿತ್ರಗಳೂ ಚೆನ್ನಾಗಿವೆ. ಎರಡು ಸೂಜಿಯ ಹೊಲಿಗೆ ಗೊತ್ತಿಲ್ಲದವರೂ ಓದಿ ಕಲಿಯಬಹುದು. ಹೆಚ್ಚು ಹೇಳುವುದೇನಿಲ್ಲ, ಎರಡೇ ತಿದ್ದುಪಡಿ. 4 ಮಿ.ಮೀ. ಪಂಚು ಅಪ್ಪರಿಗೆ ದೂರವಾಯಿತು, 3 ಮಿ.ಮೀ.ನದು ತನ್ನಿ. ಪಕ್ಕದ ತುಂಡು ಮುಂಭಾಗಕ್ಕೆ ಸೇರುವ ಮೂಲೆಯಲ್ಲಿ, ಅಪ್ಪರ್ ಮತ್ತು ಲೈನಿಂಗ್ ನಡುವೆ ಹತ್ತಿ ಟೇಪಿನ ಚಿಕ್ಕ ತುಂಡೊಂದನ್ನು ಇಟ್ಟು ಎರಡು ಸಾಲು ಹೊಲಿಯಿರಿ. ಪ್ರತಿ ಸಲ ಬೂಟು ಹಾಕುವಾಗ ಎಳೆತ ಬೀಳುವುದು ಆ ಮೂಲೆಗೇ, ಚಕ್ಕಾ ಹರಿಯುವುದೂ ಅಲ್ಲೇ.

ಲಾಸ್ಟಿಂಗ್‌ಗೆ, ಅಂದರೆ ಚರ್ಮವನ್ನು ಲಾಸ್ಟ್‌ನ ಮೇಲೆ ಎಳೆದು ಕೂರಿಸುವ ಕೆಲಸಕ್ಕೆ, ಪುಸ್ತಿಕೆ ಕೊಟ್ಟಿರುವುದು ಒಂದೇ ಪುಟ, ಎರಡು ಚಿತ್ರ. ಈ ಕಿಟ್‌ನ ದೊಡ್ಡ ಕೊರತೆ ಇದು. ಹೊಲಿಗೆ ವಕ್ರವಾದರೆ ಬೂಟು ಚಂದ ಕಾಣದೆ ಹೋಗಬಹುದು. ಲಾಸ್ಟಿಂಗ್ ಕೆಟ್ಟರೆ ಹಾಕಿಕೊಳ್ಳಲಿಕ್ಕೇ ಆಗದು. ಆದ್ದರಿಂದ ಇಲ್ಲಿ ಸ್ವಲ್ಪ ವಿವರವಾಗಿ.

ಒಳ ಅಟ್ಟೆಯನ್ನು ಲಾಸ್ಟ್‌ನ ಅಡಿಗೆ ಮೂರು ಮೊಳೆಯಲ್ಲಿ ಹೊಡೆದು, ಅಂಚನ್ನು ಲಾಸ್ಟ್‌ನ ಅಂಚಿಗೆ ಸರಿಯಾಗಿ ಕತ್ತರಿಸಿ. ಲಾಸ್ಟ್‌ನ ಹಿಮ್ಮಡಿಗೆ ಟಾಲ್ಕಂ ಪೌಡರ್ ಸವರಿ. ಕೌಂಟರನ್ನು ನೀರಲ್ಲಿ ನೆನೆಸಿ, ಎರಡೂ ಬದಿಗೆ ಮೈದಾ ಅಂಟು ಹಚ್ಚಿ, ಅಪ್ಪರ್ ಮತ್ತು ಲೈನಿಂಗ್ ನಡುವೆ ಕೂರಿಸಿ. ಅಪ್ಪರಿನ ಕೆಳ ಅಂಚಿಗೆ ಒಳಮೈಯಿಂದ ಒದ್ದೆ ಸ್ಪಂಜು ಸವರಿ, ಪ್ಲಾಸ್ಟಿಕ್ ಚೀಲದಲ್ಲಿ ಹದಿನೈದು ನಿಮಿಷ ಇಡಿ. ತೇವ ಎಲ್ಲ ಕಡೆ ಒಂದೇ ಸಮ ಹರಡಿದರೆ ಚರ್ಮ ಹೇಳಿದ ಮಾತು ಕೇಳುತ್ತದೆ.

ಲೇಸಿನ ತೂತುಗಳನ್ನು ದಾರದಿಂದ ಕಟ್ಟಿ ಲಾಸ್ಟ್‌ಗೆ ತೊಡಿಸಿ. ಮೊದಲು ಲೈನಿಂಗ್: ಮೂತಿಯ ನಡುವಿಗೆ ಒಂದು ಎಳೆತ, ಒಂದು ಮೊಳೆ. ಆಮೇಲೆ ಹಿಮ್ಮಡಿಯ ನಡುವಿಗೆ. ಆಮೇಲೆ ಬೆರಳ ಬುಡದ ಎಡಕ್ಕೊಂದು, ಬಲಕ್ಕೊಂದು. ಒಂದು ಪಕ್ಕ ಪೂರ್ತಿ ಎಳೆದು ಮುಗಿಸಿ ಇನ್ನೊಂದು ಪಕ್ಕಕ್ಕೆ ಹೋಗುವುದೇ ಹೊಸಬರೆಲ್ಲ ಮಾಡುವ ತಪ್ಪು. ಆಗ ನಾಲಿಗೆ, ಲೇಸಿನ ಸಾಲು ಆ ಕಡೆಗೆ ವಾಲುತ್ತವೆ, ಮತ್ತೆ ನೇರವಾಗುವುದಿಲ್ಲ. ಲಾಸ್ಟ್‌ನ ನಡುಗೆರೆಯನ್ನು ಪೆನ್ಸಿಲಿನಲ್ಲಿ ಎಳೆದಿಟ್ಟುಕೊಂಡು ನಾಲ್ಕು ಎಳೆತಕ್ಕೊಮ್ಮೆ ಎತ್ತಿ ಹಿಡಿದು ನೋಡಿ. ಲೈನಿಂಗಿನ 15 ಮಿ.ಮೀ. ಅಂಚು ಒಳಕ್ಕೆ ಮಡಚಿದಾಗ ಮೂತಿಯ ಸುತ್ತ ನೆರಿಗೆ ಬೀಳುತ್ತದೆ. ಪುಟ್ಟ ಪುಟ್ಟ ತ್ರಿಕೋನ ಕತ್ತರಿಸಿ ಅಂಟಿಸಿ, ಒಣಗಿದ ಮೇಲೆ ಉಬ್ಬುಗಳನ್ನು ರಂಪಿಗೆಯಿಂದ ಸವರಿ ಸಮ ಮಾಡಿ. ನಡು ಅಟ್ಟೆ ಅಂಟಿಸುವ ಮುಂಚೆ ಎಲ್ಲ ಮೊಳೆ ಕಿತ್ತದ್ದಾಯಿತೇ ಎಂದು ಎಣಿಸಿ. ಒಳ ಅಟ್ಟೆಯ ಆ ಮೂರು ಮೊಳೆಗಳನ್ನೂ ಸೇರಿಸಿ. ಒಂದು ಒಳಗೆ ಉಳಿದರೂ ಲಾಸ್ಟ್ ಹೊರಗೆ ಬರುವುದಿಲ್ಲ.

ಆಮೇಲೆ ಅಪ್ಪರ್. ನಡು ಅಟ್ಟೆ ಸುತ್ತಲೂ 10ರಿಂದ 12 ಮಿ.ಮೀ. ಚಾಚಿಕೊಂಡಿರಬೇಕು. ಅಪ್ಪರಿನ ಅಂಚನ್ನು ಇಕ್ಕಳದಲ್ಲಿ ಹಿಡಿದು ಕೆಳಕ್ಕೂ ಹೊರಕ್ಕೂ ಎಳೆದು ಅದರ ಮೇಲೆ ಅಂಟಿಸುತ್ತಾ ಬನ್ನಿ. ಅಂಚು ಹೊರಕ್ಕೆ ಹರಡುವುದರಿಂದ ಇಲ್ಲಿ ನೆರಿಗೆಯ ಕಾಟವಿಲ್ಲ, ಈ ಕಟ್ಟಣೆಯ ದೊಡ್ಡ ಉಪಕಾರ ಅದು. ಗಮನವೆಲ್ಲ ಮೂಲೆಯ ಮೇಲಿರಲಿ, ಅಂದರೆ ಅಪ್ಪರಿನ ಗೋಡೆ ಕೆಳಗಿಳಿದು ಹೊರಕ್ಕೆ ತಿರುಗುವ ಕಡೆ. ಅಲ್ಲಿ 1 ಮಿ.ಮೀ. ಪೊಳ್ಳು ಉಳಿದರೂ ಬೂಟು ಅಟ್ಟೆಯ ಮೇಲೆ ತೇಲಿದಂತೆ ಕಾಣುತ್ತದೆ, ಎಳೆತವೆಲ್ಲ ಹೊಲಿಗೆಗೆ ಬೀಳುತ್ತದೆ. ಸ್ಟೀಲ್ ಚಮಚದ ಹಿಡಿಯಿಂದ ಆ ಮೂಲೆಯನ್ನು ಒತ್ತಿ ಒತ್ತಿ ಗೆರೆ ಮೂಡಿಸಿ. ಎಳೆತ ಸಾಕೇ ಎಂದು ತಿಳಿಯಲು ಬೆರಳಿನಿಂದ ಮೂತಿಯ ಮೇಲೆ ತಟ್ಟಿ. ಬಿಸಿ ತಾಗಿಸಿ ಬಿಗಿ ಮಾಡಿದ ತಮಟೆಯ ಹಾಗೆ ಸದ್ದು ಬಂದರೆ ಸರಿ, ಮಂಕಾಗಿ ಕೇಳಿದರೆ ಚರ್ಮ ಇನ್ನೂ ಲಾಸ್ಟ್ ಮುಟ್ಟಿಲ್ಲ.

ಇಕ್ಕಳ ಒಳ್ಳೆಯದಿದೆ, ಹಲ್ಲು ಚರ್ಮವನ್ನು ಕಚ್ಚುತ್ತದೆ, ಹರಿಯುವುದಿಲ್ಲ, ಹಿಂಬದಿಯಲ್ಲಿ ಸುತ್ತಿಗೆಯೂ ಇದೆ. ಮೊಳೆಗಳು ಮಾತ್ರ ಕಬ್ಬಿಣದವು. ತೊಗಟೆ ಹದದ ಒದ್ದೆ ಚರ್ಮಕ್ಕೆ ಕಬ್ಬಿಣ ತಾಗಿದರೆ ಶಾಯಿಯಂಥ ಕಪ್ಪು ಕಲೆ ಬೀಳುತ್ತದೆ. ಒಳಗಿನ ಕಡೆ ಬಿದ್ದರೆ ಚಿಂತೆಯಿಲ್ಲ, ಹೊರಗೆ ಕಾಣುವ ಕಡೆ ಬಿದ್ದರೆ ನಿಂಬೆರಸ ಸವರಿ, ಆಮೇಲೆ ಒದ್ದೆ ಬಟ್ಟೆಯಿಂದ ಒರೆಸಿ.

ಈಗ ನೂಲಿನ ಲೆಕ್ಕ. ಅಟ್ಟೆಯ ಸುತ್ತ ಹೊಲಿಗೆಯ ಉದ್ದ ಸುಮಾರು 70 ಸೆಂ.ಮೀ. 5 ಮಿ.ಮೀ.ಗೆ ಒಂದು ತೂತಾದರೆ ಒಂದು ಬೂಟಿಗೆ 140 ತೂತು. ಅಪ್ಪರ್ ಮತ್ತು ನಡು ಅಟ್ಟೆ ಸೇರಿ ದಪ್ಪ 5 ಮಿ.ಮೀ. ಪ್ರತಿ ಹೊಲಿಗೆಗೆ ನೂಲು ಎರಡು ಸಲ ದಪ್ಪ ದಾಟಿ, ಎರಡು ಸಲ ಉದ್ದ ಓಡುತ್ತದೆ, 5 ಮಿ.ಮೀ.ಗೆ 20 ಮಿ.ಮೀ. ನೂಲು, ಅಂದರೆ ನಾಲ್ಕು ಪಟ್ಟು. 70 ಸೆಂ.ಮೀ.ಗೆ 280 ಸೆಂ.ಮೀ., ಸೂಜಿ ಹಿಡಿಯಲು ತುದಿಗೆ ಇನ್ನೊಂದು 40 ಸೇರಿಸಿದರೆ 320. ಕಿಟ್‌ನಲ್ಲಿ ಅಟ್ಟೆಗೆಂದು ಕೊಟ್ಟಿರುವುದು ಬೂಟಿಗೆ 3 ಮೀಟರ್. ಕೊನೆಯ ಹತ್ತು ತೂತು ಇರುವಾಗ ನೂಲು ಮುಗಿದು ಗಂಟು ಹಾಕಬೇಕಾದ ಸ್ಥಿತಿ. ಇಷ್ಟು ಒಳ್ಳೆಯ ಲಾಸ್ಟ್ ಕೊಟ್ಟವರು ಒಂದು ಗೇಣು ನೂಲಿನಲ್ಲಿ ಉಳಿತಾಯ ಮಾಡಿದ್ದು ಬೇಸರದ ಸಂಗತಿ. ನೂಲು ಪಾಲಿಯೆಸ್ಟರ್, 0.8 ಮಿ.ಮೀ., ಗಟ್ಟಿ ಇದೆ, ಆದರೆ ಮೇಣ ತೆಳ್ಳಗಿದೆ. ಜೇನುಮೇಣದ ಉಂಡೆಯ ಮೇಲೆ ಮೂರು ಸಲ ಎಳೆದರೆ ಹೊಲಿಗೆ ಎಳೆದಲ್ಲೇ ನಿಲ್ಲುತ್ತದೆ. ಹೊಲಿಯುವಾಗ ಉಳಿಯನ್ನು ಮೇಲಿನಿಂದ ನೇರ ಇಳಿಸಿ. ವಾಲಿದರೆ ಅಡಿಯ ಸಾಲು ಅಂಕುಡೊಂಕಾಗಿ ಅಂಚಿನ ಹತ್ತಿರ ಹೋಗುತ್ತದೆ, ಅಂಚು ಉಜ್ಜುವಾಗ ನೂಲು ಕತ್ತರಿಸುತ್ತದೆ.

ಗೋಂದು ಕಿಟ್‌ನಲ್ಲಿ ಇಲ್ಲ, ಅಂಚೆಯಲ್ಲಿ ಕಳಿಸುವಂತಿಲ್ಲವಾದ್ದರಿಂದ ಅದು ತಪ್ಪೂ ಅಲ್ಲ. ಚಪ್ಪಲಿ ಸಾಮಾನಿನ ಅಂಗಡಿಯಲ್ಲಿ ಸೊಲ್ಯೂಷನ್ ಎಂದು ಕೇಳಿದರೆ ಕೊಡುವ ಸಿಂಥೆಟಿಕ್ ರಬ್ಬರ್ ಗೋಂದು ಸಾಕು. ರಬ್ಬರಿನ ಮೇಲ್ಮೈಯನ್ನು 60 ಅಥವಾ 80 ನಂಬರಿನ ಉಜ್ಜು ಕಾಗದದಲ್ಲಿ ಒರಟು ಮಾಡಿ ಧೂಳು ಒರೆಸಿ. ಚರ್ಮದ ಕಡೆ ಎರಡು ಸಲ ಬಳಿಯಬೇಕು, ಮೊದಲ ಬಳಿತವನ್ನು ಅದು ಹೀರಿಕೊಳ್ಳುತ್ತದೆ. 15ರಿಂದ 20 ನಿಮಿಷ ಬಿಟ್ಟು, ಬೆರಳಿಗೆ ಅಂಟದ ಹದಕ್ಕೆ ಬಂದ ಮೇಲೆ ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿ ಒತ್ತಿ, ನಡುವಿನಿಂದ ಅಂಚಿನತ್ತ ಸುತ್ತಿಗೆಯಿಂದ ಬಡಿಯಿರಿ. ಮಳೆಗಾಲದಲ್ಲಿ ಗೋಂದು ಒಣಗುತ್ತಾ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂರುತ್ತದೆ, ಅಟ್ಟೆ ವಾರದಲ್ಲೇ ಬಾಯಿಬಿಡುತ್ತದೆ. ಆಗ ಬಿಸಿ ಮಾಡುವ ಹಂತವನ್ನು ಬಿಡಲೇಬಾರದು. ಕಿಟಕಿ ತೆರೆದಿಟ್ಟು ಕೆಲಸ ಮಾಡಿ, ಆ ವಾಸನೆಯಲ್ಲಿ ಹೆಚ್ಚು ಹೊತ್ತು ಕೂರುವುದು ತಲೆಗೆ ಒಳ್ಳೆಯದಲ್ಲ. ಹತ್ತಿರ ಬೆಂಕಿಯಂತೂ ಬೇಡವೇ ಬೇಡ.

ಹಿಮ್ಮಡಿಯ ರಬ್ಬರ್ 10 ಮಿ.ಮೀ. ಇದೆ. ಲಾಸ್ಟ್ ಕೇಳುವುದು 15. ಮೇಜಿನ ಮೇಲೆ ಲಾಸ್ಟ್ ಇಟ್ಟು ಹಿಮ್ಮಡಿಯ ಕೆಳಗೆ ತುಂಡು ಜೋಡಿಸುತ್ತಾ ನೋಡಿ. ಬೆರಳ ಬುಡ ಮೇಜಿಗೆ ಸರಿಯಾಗಿ ತಾಗಿ ಲಾಸ್ಟ್ ಅಲುಗದೆ ನಿಲ್ಲುವ ಎತ್ತರವೇ ಸರಿ. ಕಡಿಮೆಯಾದರೆ ನಡುಭಾಗ ಕುಸಿದು ಮೂತಿ ಮೇಲೇಳುತ್ತದೆ. 5 ಮಿ.ಮೀ. ರಬ್ಬರ್ ಹಾಳೆ ಕೊಂಡು ಒಂದು ಪದರ ಸೇರಿಸಿದರೆ ಮುಗಿಯಿತು.

ಲಾಸ್ಟ್ ತೆಗೆಯಲು ಅವಸರ ಬೇಡ. ಪುಸ್ತಿಕೆ ಒಂದು ದಿನ ಎನ್ನುತ್ತದೆ. ಒಣ ಹವೆಯಲ್ಲಿ ಕ್ರೋಮ್ ಅಪ್ಪರ್ ಅಷ್ಟರಲ್ಲಿ ಒಣಗಬಹುದು, ಆದರೆ ಒಳಗಿನ ಕೌಂಟರ್ ಒಣಗಿರುವುದಿಲ್ಲ. ಬೇಗ ತೆಗೆದರೆ ಹಿಮ್ಮಡಿ ಮೆತ್ತಗೆ ಉಳಿದು ವಾರದಲ್ಲಿ ಮಡಚಿಕೊಳ್ಳುತ್ತದೆ. ನೆರಳಲ್ಲಿ, ಫ್ಯಾನಿನ ಗಾಳಿಯಲ್ಲಿ ನಾಲ್ಕೈದು ದಿನ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಎರಡು ವಾರ. ಬೂಷ್ಟು ಹಿಡಿಯದಂತೆ ದಿನಕ್ಕೊಮ್ಮೆ ಒಣಬಟ್ಟೆಯಲ್ಲಿ ಒರೆಸಿ. ಬಿಸಿಲಿಗೆ ಇಟ್ಟರೆ ತೊಗಟೆ ಹದದ ಚರ್ಮ ಹಪ್ಪಳದಂತೆ ಗರಿಗರಿಯಾಗಿ ಬಿರಿಯುತ್ತದೆ.

ಡಬ್ಬಿಯ ಮೇಲೆ 12 ತಾಸಿನಲ್ಲಿ ಮುಗಿಯುತ್ತದೆ ಎಂದು ಬರೆದಿದೆ. ಹೊಸಬರಿಗೆ ಒಣಗುವ ಸಮಯ ಬಿಟ್ಟು 30 ತಾಸಿಗೆ ಕಡಿಮೆಯಾಗದು. ಇಷ್ಟೆಲ್ಲ ಕೊರತೆ ಹೇಳಿದ ಮೇಲೂ, ಕೀಲಿರುವ ಲಾಸ್ಟ್ ಮತ್ತು ಒಳ್ಳೆಯ ಇಕ್ಕಳ ಇರುವುದರಿಂದ, ಯುಕೆ 8ಕ್ಕೆ ಪಾದ ಹೊಂದುವವರು ಇದನ್ನು ಧೈರ್ಯವಾಗಿ ಕೊಳ್ಳಬಹುದು. ಜೊತೆಗೆ ರಂಪಿಗೆ, 3 ಮಿ.ಮೀ. ಪಂಚು, ಒಂದು ಚದರಡಿ ಭುಜದ ಚರ್ಮ, ಒಂದು ರೀಲು ನೂಲು, ಜೇನುಮೇಣ, 5 ಮಿ.ಮೀ. ರಬ್ಬರ್ ತರಲೇಬೇಕು. ಆ ಲಾಸ್ಟ್ ಹತ್ತಾರು ಜೋಡಿಗೆ ಬಾಳುತ್ತದೆ. ಎರಡನೇ ಜೋಡಿಗೆ ಅಪ್ಪರ್ ಚರ್ಮ ನಾಲ್ಕು ಚದರಡಿ, ಲೈನಿಂಗ್ ಅಷ್ಟೇ ತಂದು, ದಿಕ್ಕು ನೋಡಿ ನೀವೇ ಕತ್ತರಿಸಿಕೊಳ್ಳಿ.

ಹಣ ಕಳಿಸುವ ಮುಂಚೆ ಮಾರುವವರಿಗೆ ಎರಡು ಪ್ರಶ್ನೆ ಕೇಳಿ: ಲಾಸ್ಟ್‌ಗೆ ಕೀಲು ಇದೆಯೇ, ಬೆರಳ ಬುಡದ ಸುತ್ತಳತೆ ಎಷ್ಟು ಮಿ.ಮೀ.? ಎರಡನೆಯದಕ್ಕೆ ಅಂಕಿಯಲ್ಲಿ ಉತ್ತರ ಬಾರದಿದ್ದರೆ ಬೇರೆ ಕಡೆ ನೋಡಿ.